ಮುಂದಿನ ಸಿಇಒ ಅವರನ್ನು ಆರಿಸುವ ಮುಂಚೆ: ನಮ್ಮ ಆಸ್ಪತ್ರೆಯ ಟ್ರಸ್ಟಿಗಳಿಗೆ ಒಂದು ಬಹಿರಂಗ ಪತ್ರ

ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ ಮತ್ತು ಎಲ್ಲ ಟ್ರಸ್ಟಿಗಳಿಗೆ,

ನಮಸ್ಕಾರ.

ಸಿಇಒ ಹುದ್ದೆ ಮತ್ತೆ ಖಾಲಿಯಾಗಿದೆ ಅಂತ ಗೊತ್ತಾಯಿತು. ಸದ್ಯದಲ್ಲೇ ಪೇಪರಿನಲ್ಲಿ ಜಾಹೀರಾತು ಬರುತ್ತದೆ, ಬೆಂಗಳೂರಿನ ಒಂದು ಏಜೆನ್ಸಿಗೂ ಹೇಳಿದ್ದೀರಿ ಅಂತ ಆಸ್ಪತ್ರೆಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಜಾಹೀರಾತು ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾನು ಈ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿ, ವಾರ್ಡ್ ಇನ್‌ಚಾರ್ಜ್ ಆಗಿ, ಕೊನೆಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಿಯಾದವಳು. ಕಳೆದ ಸಲ ಸಿಇಒ ಸಂದರ್ಶನ ನಡೆದಾಗ ನೀವೇ ನನ್ನನ್ನು ವಿಶೇಷ ಆಹ್ವಾನಿತೆ ಅಂತ ಕೂರಿಸಿದ್ದಿರಿ. ಪ್ರಶ್ನೆ ಕೇಳುವ, ಅಂಕ ಹಾಕುವ ಅವಕಾಶ ನನಗಿರಲಿಲ್ಲ. ಕೂತು ನೋಡಿದೆ. ಅಲ್ಲಿ ನೋಡಿದ್ದನ್ನು, ಆಮೇಲೆ ವಾರ್ಡುಗಳಲ್ಲಿ ನಡೆದದ್ದನ್ನು ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೆ. ಉತ್ತರ ಬರಲಿಲ್ಲ. ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯಬೇಕಾಗಿದೆ. ಆಸ್ಪತ್ರೆಯ ಹೆಸರನ್ನಾಗಲಿ, ಯಾರ ಹೆಸರನ್ನಾಗಲಿ ಹಾಕಿಲ್ಲ. ಮೈಸೂರು, ಮಂಡ್ಯ ಸುತ್ತಮುತ್ತ ಹೀಗೆ ಟ್ರಸ್ಟುಗಳು ನಡೆಸುವ ಆಸ್ಪತ್ರೆಗಳು ಇನ್ನೂ ಇವೆ, ಅಲ್ಲಿಯ ಆಡಳಿತ ಮಂಡಳಿಯವರೂ ಓದಲಿ ಎನ್ನುವ ಆಸೆ ನನ್ನದು.

ನನ್ನ ದೂರು ಇಷ್ಟೇ. ಆಸ್ಪತ್ರೆ ನಡೆಸುವವರನ್ನು ನೀವು ಅವರ ಮಾತು ಕೇಳಿ ಆರಿಸಿದಿರಿ. ಅವರು ನಿರ್ಧಾರ ಹೇಗೆ ತಗೊಳ್ಳುತ್ತಾರೆ ಅಂತ ನೋಡಲೇ ಇಲ್ಲ. ನೀವು ಆರಿಸಿದ ರೀತಿಯಲ್ಲೂ ಒಂದು ಕ್ರಮ ಇರಲಿಲ್ಲ.

ಅವತ್ತು ಏನಾಯಿತು ಅಂತ ನೆನಪು ಮಾಡುತ್ತೇನೆ. ಮೊದಲನೆಯವರು ಬಂದರು. ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಇದ್ದವರು, ಒಳ್ಳೆ ಮಾತುಗಾರರು. ನೀವು ಕೇಳಿದ ಮೊದಲ ಪ್ರಶ್ನೆ, ಯಾವ ಊರು ನಿಮ್ಮದು ಅಂತ. ಅವರ ಮಾವನವರು ನಿಮ್ಮಲ್ಲೊಬ್ಬರಿಗೆ ಪರಿಚಯ ಅಂತ ಗೊತ್ತಾಯಿತು, ಮಾತು ಆ ಕಡೆಗೆ ಹೋಯಿತು. ಆಮೇಲೆ ಅವರು ಲ್ಯಾಪ್‌ಟಾಪ್ ತೆರೆದು ಸ್ಲೈಡ್ ತೋರಿಸಿದರು. ಒಂದು ಹಾಸಿಗೆಯಿಂದ ದಿನಕ್ಕೆ ಬರುವ ಆದಾಯ ಹೇಗೆ ಏರಿತು, ಖರ್ಚು ಹೇಗೆ ಇಳಿಯಿತು ಅಂತ ಗ್ರಾಫು. ಎಲ್ಲರ ಮುಖದಲ್ಲೂ ಸಮಾಧಾನ ಕಾಣಿಸಿತು. ಆ ಖರ್ಚು ಇಳಿಸಲು ಯಾವುದನ್ನು ನಿಲ್ಲಿಸಿದಿರಿ, ಯಾರನ್ನು ಕೇಳಿ ನಿಲ್ಲಿಸಿದಿರಿ ಅಂತ ಒಬ್ಬರೂ ಕೇಳಲಿಲ್ಲ.

ಆಮೇಲೆ ಒಬ್ಬ ಹೆಣ್ಣುಮಗಳು ಬಂದರು. ಡಾಕ್ಟರು, ತಾಲ್ಲೂಕು ಊರೊಂದರಲ್ಲಿ ಸಣ್ಣ ಆಸ್ಪತ್ರೆ ನಡೆಸಿದ ಅನುಭವ. ನಿಧಾನವಾಗಿ ಮಾತಾಡುವವರು. ಅವರಿಗೆ ನೀವು ಮಕ್ಕಳು ಏನು ಓದುತ್ತಿದ್ದಾರೆ, ಮೈಸೂರಿಗೆ ಬಂದರೆ ಮನೆ ಕಡೆ ಹೇಗೆ ನಿಭಾಯಿಸ್ತೀರಿ ಅಂತ ಕೇಳಿದಿರಿ. ಗಂಡಸರು ಯಾರಿಗೂ ಆ ಪ್ರಶ್ನೆ ಕೇಳಲಿಲ್ಲ. ಅವರು ತಿರುಗಿ ಒಂದು ಪ್ರಶ್ನೆ ಕೇಳಿದರು: "ನಿಮ್ಮ ಐಸಿಯುನಲ್ಲಿ ರಾತ್ರಿ ಪಾಳಿಗೆ ಎಷ್ಟು ಜನ ಸಿಸ್ಟರ್ ಇರುತ್ತಾರೆ?" ಮೇಜಿನ ಸುತ್ತ ಕೂತವರಿಗೆ ಉತ್ತರ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನನ್ನನ್ನು ಕೇಳಲಿಲ್ಲ. ಅವರು ಹೋದ ಮೇಲೆ ನಿಮ್ಮಲ್ಲೊಬ್ಬರು, ಇವರು ಸ್ವಲ್ಪ ಜಾಸ್ತಿ ಪ್ರಶ್ನೆ ಮಾಡ್ತಾರೆ ಅಂದರು. ಅಷ್ಟಕ್ಕೇ ಅವರ ಅರ್ಜಿ ಪಕ್ಕಕ್ಕೆ ಹೋಯಿತು.

ಕೊನೆಗೆ ಕಾಫಿ ಬಂತು. ಅಧ್ಯಕ್ಷರು, ನನಗಂತೂ ಮೊದಲನೆಯವರೇ ಸರಿ ಅನ್ನಿಸ್ತು ಅಂದಿರಿ. ಅದಾದ ಮೇಲೆ ಬೇರೆ ಮಾತೇ ಬರಲಿಲ್ಲ. ಎಲ್ಲರೂ ಹೌದು ಅಂದರು. ಇಡೀ ಆಸ್ಪತ್ರೆಯನ್ನು ಯಾರ ಕೈಗೆ ಕೊಡಬೇಕು ಅನ್ನುವ ತೀರ್ಮಾನ ಹಾಗೆ ಆಯಿತು.

ಬಂದವರು ಕೆಟ್ಟವರಲ್ಲ, ಇದನ್ನು ಮನಸ್ಸಿನಿಂದ ಹೇಳುತ್ತೇನೆ. ಅವರು ಕೈ ಚಾಚಲಿಲ್ಲ. ಇನ್ಶೂರೆನ್ಸ್ ಕಂಪನಿಗಳಿಂದ ಬರಬೇಕಿದ್ದ ಹಳೇ ಬಾಕಿಯನ್ನು ಬೆನ್ನು ಹತ್ತಿ ವಸೂಲು ಮಾಡಿದರು, ಅದಕ್ಕೆ ಮುಂಚೆ ಯಾರೂ ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ನಿರ್ಧಾರ ತಗೊಳ್ಳುವ ಬಗೆ ಅವರಿಗೆ ಒಗ್ಗಲಿಲ್ಲ. ಬಂದ ಹೊಸದರಲ್ಲೇ ಖರ್ಚಿನ ಪಟ್ಟಿ ನೋಡಿ ಸಿರಿಂಜ್ ಪಂಪು (ಸಿರಿಂಜಿನಿಂದ ಔಷಧಿಯನ್ನು ಅಳತೆಯಲ್ಲಿ ನಿಧಾನವಾಗಿ ರೋಗಿಗೆ ಹರಿಸುವ ಯಂತ್ರ), ಮಾನಿಟರುಗಳ ವಾರ್ಷಿಕ ನಿರ್ವಹಣಾ ಗುತ್ತಿಗೆ ನಿಲ್ಲಿಸಿದರು. ಕೆಟ್ಟಾಗ ರಿಪೇರಿ ಮಾಡಿಸೋಣ, ಸುಮ್ನೆ ವರ್ಷವಿಡೀ ದುಡ್ಡು ಯಾಕೆ ಕಟ್ಟಬೇಕು ಅನ್ನುವುದು ಅವರ ವಾದ. ಕಚೇರಿಯಲ್ಲಿ ಕೂತು ಕೇಳಿದರೆ ಸರಿ ಅನ್ನಿಸುತ್ತದೆ. ಈ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರನ್ನು ಕೇಳಲಿಲ್ಲ, ಐಸಿಯು ಡಾಕ್ಟರನ್ನು ಕೇಳಲಿಲ್ಲ, ನಮ್ಮನ್ನು ಕೇಳುವ ಮಾತಂತೂ ದೂರ.

ಆ ನಿರ್ಧಾರ ಐಸಿಯುಗೆ ಬಂದು ಮುಟ್ಟಿದಾಗ ಏನಾಗುತ್ತದೆ ಅಂತ ನಿಮಗೆ ಗೊತ್ತಾಗಬೇಕು. ಪಾಂಡವಪುರದ ಕಡೆಯ ಒಬ್ಬ ರೈತರು ಸೋಂಕು ರಕ್ತಕ್ಕೆ ಏರಿ ಐಸಿಯುನಲ್ಲಿದ್ದರು. ಬಿಪಿ ನಿಲ್ಲುತ್ತಿರಲಿಲ್ಲ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಔಷಧಿ ಪಂಪಿನಲ್ಲಿ ಹೋಗುತ್ತಿತ್ತು. ಸಿಟಿ ಸ್ಕ್ಯಾನಿಗೆ ಕೆಳಗೆ ಕರೆದೊಯ್ಯಬೇಕಾಯಿತು. ಟ್ರಾಲಿ ಲಿಫ್ಟಿನೊಳಗೆ ಹೋಗಿದೆ, ಬಾಗಿಲು ಮುಚ್ಚಿದೆ, ಪಂಪಿನ ಬ್ಯಾಟರಿ ಸತ್ತಿತು. ಬ್ಯಾಟರಿಗೂ ಒಂದು ಆಯಸ್ಸು ಇರುತ್ತದೆ, ನಿರ್ವಹಣೆಗೆ ಬರುವವರು ನೋಡಿ ಬದಲಾಯಿಸುತ್ತಿದ್ದರು, ಈಗ ಬರುವವರೇ ಇರಲಿಲ್ಲ. ಆ ಔಷಧಿ ನಿಂತರೆ ಕೆಲವೇ ನಿಮಿಷದಲ್ಲಿ ಬಿಪಿ ಕುಸಿಯುತ್ತದೆ. ಜೊತೆಗಿದ್ದ ಸಿಸ್ಟರ್ ಸಣ್ಣ ಹುಡುಗಿ, ಸಿರಿಂಜನ್ನು ಪಂಪಿನಿಂದ ಬಿಡಿಸಿ, ಮಾನಿಟರಿನ ಮೇಲೆ ಕಣ್ಣಿಟ್ಟು, ಹೆಬ್ಬೆರಳಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಒತ್ತುತ್ತಾ ಕೆಳಗಿನವರೆಗೂ ತಂದಳು. ಲಿಫ್ಟಿನ ಬಾಗಿಲು ತೆರೆದಾಗ ನಾನು ಅಲ್ಲೇ ಇದ್ದೆ. ಅವಳ ಕೈ ನಡುಗುತ್ತಿತ್ತು, ಸಿರಿಂಜ್ ಮಾತ್ರ ಬಿಟ್ಟಿರಲಿಲ್ಲ. ರೋಗಿ ಉಳಿದರು. ಆ ಹುಡುಗಿ ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಹೋದಳು.

ನಾವು ಘಟನಾ ವರದಿ ಬರೆದು ಕೊಟ್ಟೆವು. ಇನ್ನು ಮುಂದೆ ಹೀಗಾಗದಿರಲಿ ಅಂತ ಬರೆಯುವ ಕಾಗದ ಅದು, ಯಾರನ್ನೂ ಹಿಡಿದುಕೊಡುವುದಕ್ಕಲ್ಲ. ಸಿಇಒ ಕಚೇರಿಯಿಂದ ಬಂದ ಮೊದಲ ಪ್ರಶ್ನೆ, ಇದನ್ನು ಬರೆದವರು ಯಾರು ಅಂತ. ಎರಡು ಮೂರು ಸಲ ಹಾಗಾದ ಮೇಲೆ ಯಾರೂ ಬರೆಯಲಿಲ್ಲ. ವರದಿಗಳು ಕಮ್ಮಿಯಾದವು. ಅದನ್ನೇ ಅವರು ನಿಮ್ಮ ವಾರ್ಷಿಕ ಸಭೆಯಲ್ಲಿ, ನಮ್ಮಲ್ಲಿ ತಪ್ಪುಗಳು ಕಮ್ಮಿಯಾಗಿವೆ ಅಂತ ತೋರಿಸಿದರು. ನೀವು ಚಪ್ಪಾಳೆ ತಟ್ಟಿದಿರಿ. ತಪ್ಪು ಕಮ್ಮಿಯಾಗಿರಲಿಲ್ಲ ಸ್ವಾಮಿ, ಹೇಳುವವರು ಕಮ್ಮಿಯಾಗಿದ್ದರು. ಆಸ್ಪತ್ರೆ ನಡೆಸಿ ಗೊತ್ತಿರುವ ಯಾರಿಗೇ ಆದರೂ ಆ ಅಂಕಿ ನೋಡಿದ ತಕ್ಷಣ ಅನುಮಾನ ಬರಬೇಕಿತ್ತು.

ರಾತ್ರಿ ಪಾಳಿಯ ಸಿಸ್ಟರುಗಳ ಸಂಖ್ಯೆ ಕೂಡ ಹೀಗೇ ಇಳಿಯಿತು. ವೆಂಟಿಲೇಟರಿನಲ್ಲಿರುವ ರೋಗಿ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಎನ್‌ಎಬಿಎಚ್ ಮಾನ್ಯತೆ, ಅಂದರೆ ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ರಾಷ್ಟ್ರೀಯ ಮಾನ್ಯತೆ, ಬಯಸುವ ಎಲ್ಲ ಆಸ್ಪತ್ರೆಗೂ ಗೊತ್ತಿರುವ ಅಳತೆ. ನಮ್ಮಲ್ಲಿ ಒಬ್ಬಳು ಮೂವರನ್ನು ನೋಡಿಕೊಳ್ಳುವ ರಾತ್ರಿಗಳು ಬಂದವು. ಅದೇ ಹೊತ್ತಿಗೆ ಕೆಳಗೆ ರಿಸೆಪ್ಷನ್ನಿಗೆ ಹೊಸ ಗ್ರಾನೈಟು, ದೊಡ್ಡ ಟಿವಿ ಬಂತು.

ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಮಳವಳ್ಳಿ ಕಡೆಯ ಒಬ್ಬ ಅಜ್ಜಿ ತೀರಿಕೊಂಡಾಗ ಬಿಲ್ಲು ಬಾಕಿ ಇತ್ತು. ಬಾಕಿ ತೀರುವವರೆಗೂ ದೇಹ ಬಿಡಬೇಡಿ ಅಂತ ಮೇಲಿನಿಂದ ಮಾತು ಬಂತು. ಮನೆಯವರು ಸಂಜೆಯವರೆಗೂ ಶವಾಗಾರದ ಮುಂದೆ ನಿಂತಿದ್ದರು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ರಾಜ್ಯದಲ್ಲಿ ಎಷ್ಟು ಗಲಾಟೆಯಾಯಿತು, ಡಾಕ್ಟರುಗಳು ಮುಷ್ಕರ ಮಾಡಿದರು, ನಿಮಗೆಲ್ಲ ನೆನಪಿರಬೇಕು. ಬಾಕಿಗಾಗಿ ದೇಹ ಇಟ್ಟುಕೊಳ್ಳಬಾರದು, ತುರ್ತು ಚಿಕಿತ್ಸೆಗೆ ಮುಂಗಡ ಕೊಡಿ ಅಂತ ಹಟ ಹಿಡಿಯಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆಸ್ಪತ್ರೆಯ ಮುಖ್ಯಸ್ಥರಿಗೆ ಇದು ಗೊತ್ತಿರಬೇಕಲ್ವಾ? ಸಂದರ್ಶನದಲ್ಲಿ ಈ ಕಾಯ್ದೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಇರಲಿಲ್ಲ.

ಎರಡು ವರ್ಷ ತುಂಬುವ ಮುಂಚೆ ಅವರು ಬೇರೆ ಕಡೆ ಇನ್ನೂ ಒಳ್ಳೆ ಸಂಬಳ ಸಿಕ್ಕಿ ಹೋದರು. ಗುತ್ತಿಗೆ ನಿಂತ ಯಂತ್ರಗಳು, ಬಿಟ್ಟು ಹೋದ ಸಿಸ್ಟರುಗಳ ಖಾಲಿ ಜಾಗ, ಬಾಯಿ ಬಿಡಲು ಹೆದರುವ ಸಿಬ್ಬಂದಿ ಇಲ್ಲೇ ಉಳಿದರು.

ಅನುಭವ ಇರುವವರಿಗೆ ಐದು ನಿಮಿಷದಲ್ಲಿ ಮನುಷ್ಯ ಗೊತ್ತಾಗುತ್ತಾನೆ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ನೀವು ವ್ಯಾಪಾರ ಬೆಳೆಸಿದವರು, ಕಾಲೇಜು ಕಟ್ಟಿದವರು, ನಿಮ್ಮ ಅನುಭವದ ಮೇಲೆ ನನಗೆ ಗೌರವ ಇದೆ. ಆದರೆ ಮನುಷ್ಯರನ್ನು ಅಳೆಯುವ ವಿಷಯದಲ್ಲಿ ಈ ನಂಬಿಕೆ ಎಷ್ಟು ಸಲ ಕೈ ಕೊಟ್ಟಿದೆ ಅಂತ ನೂರು ವರ್ಷದಿಂದ ಜನ ಬರೆದಿಟ್ಟಿದ್ದಾರೆ. ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1920ರಲ್ಲೇ ತೋರಿಸಿದ್ದು ಇದನ್ನೇ. ಸೈನ್ಯದ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಅಂಕ ಹಾಕುವಾಗ, ಮೈಕಟ್ಟು ಚೆನ್ನಾಗಿರುವವನಿಗೆ ಬುದ್ಧಿಗೂ ಜಾಸ್ತಿ ಅಂಕ, ನಾಯಕತ್ವಕ್ಕೂ ಜಾಸ್ತಿ ಅಂಕ ಹಾಕುತ್ತಿದ್ದರು. ಒಂದು ಗುಣ ಕಣ್ಣಿಗೆ ಹೊಳೆದರೆ ಉಳಿದದ್ದೆಲ್ಲ ಅದರ ಬೆಳಕಲ್ಲಿ ಚೆಂದ ಕಾಣುತ್ತದೆ. ಅವತ್ತು ನಮ್ಮ ಮೀಟಿಂಗ್ ಹಾಲಿನಲ್ಲಿ ಹೊಳೆದದ್ದು ಇಂಗ್ಲಿಷು ಮತ್ತು ಸ್ಲೈಡು.

ಡೇನಿಯಲ್ ಕಾಹ್ನೆಮನ್ ಹೆಸರು ನೀವು ಕೇಳಿರಬಹುದು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರು 1955ರಲ್ಲಿ, 21 ವರ್ಷದ ಹುಡುಗನಾಗಿದ್ದಾಗ, ಇಸ್ರೇಲ್ ಸೈನ್ಯದಲ್ಲಿ ಹೊಸಬರ ಸಂದರ್ಶನ ಹೇಗೆ ಮಾಡಬೇಕು ಅಂತ ಒಂದು ಕ್ರಮ ಮಾಡಿಕೊಟ್ಟರು. ಅಲ್ಲಿಯವರೆಗೆ ಸಂದರ್ಶಕರು ಸ್ವಲ್ಪ ಹೊತ್ತು ಮಾತಾಡಿಸಿ, ಒಟ್ಟಾರೆ ಅಭಿಪ್ರಾಯ ಬರೆಯುತ್ತಿದ್ದರು. ಯಾರು ಮುಂದೆ ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ತಿಳಿಯಲು ಆ ಅಭಿಪ್ರಾಯ ಹೆಚ್ಚುಕಡಿಮೆ ಪ್ರಯೋಜನಕ್ಕೇ ಬರುತ್ತಿರಲಿಲ್ಲ. ಇವರು ಆರು ಗುಣ ಆರಿಸಿದರು. ಒಂದೊಂದಕ್ಕೂ ಹಿಂದೆ ನಿಜವಾಗಿ ಏನು ಮಾಡಿದ್ದೀಯ ಅಂತ ಕೇಳುವ ಪ್ರಶ್ನೆಗಳು. ಒಂದು ಗುಣದ ಅಂಕ ಬರೆದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಸಂದರ್ಶಕರು ಸಿಟ್ಟಾದರು, ನಮ್ಮನ್ನು ಯಂತ್ರ ಮಾಡುತ್ತಿದ್ದೀಯ ಅಂದರು. ಸರಿ, ಎಲ್ಲ ಅಂಕ ಬರೆದು ಮುಗಿಸಿದ ಮೇಲೆ ಕಣ್ಣು ಮುಚ್ಚಿ ನಿಮ್ಮ ಮನಸ್ಸಿಗೆ ಏನನ್ನಿಸುತ್ತದೋ ಅದಕ್ಕೂ ಒಂದು ಅಂಕ ಕೊಡಿ ಅಂತ ಕಾಹ್ನೆಮನ್ ಹೇಳಿದರು. ಹಲವು ತಿಂಗಳಾದ ಮೇಲೆ ನೋಡಿದರೆ ಹೊಸ ಕ್ರಮ ಹಳೆಯದಕ್ಕಿಂತ ಎಷ್ಟೋ ವಾಸಿ ಅಂತ ಗೊತ್ತಾಯಿತು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆ ಆರರ ಮೊತ್ತದಷ್ಟೇ ಚೆನ್ನಾಗಿತ್ತು.

ಹಾಗಾಗಿ ನಿಮ್ಮ ಮನಸ್ಸು ಹೇಳುವುದನ್ನು ಬಿಟ್ಟುಬಿಡಿ ಅಂತ ನಾನು ಕೇಳುತ್ತಿಲ್ಲ. ಕೊನೆಗೆ ಕೇಳಿ ಅಂತಿದ್ದೇನೆ. ನೀವು ಅದನ್ನು ಮೊದಲ ಐದು ನಿಮಿಷದಲ್ಲೇ ಕೇಳಿಬಿಟ್ಟಿರಿ, ಉಳಿದ ಹೊತ್ತೆಲ್ಲ ಅದಕ್ಕೆ ಕಾರಣ ಹುಡುಕಿದಿರಿ.

ಮೇಲಿರುವವರ ಆಯ್ಕೆ ತಪ್ಪಿದರೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಇದೆ. 2005ರಿಂದ 2009ರ ನಡುವೆ ಅಲ್ಲಿಯ ಆಡಳಿತದ ಗಮನವೆಲ್ಲ ಖರ್ಚು ಇಳಿಸುವುದು, ಗುರಿ ಮುಟ್ಟುವುದು, ದೊಡ್ಡ ದರ್ಜೆಯ ಮಾನ್ಯತೆ ಪಡೆಯುವುದರ ಮೇಲಿತ್ತು. ನರ್ಸುಗಳು ಸಾಲದೆ ರೋಗಿಗಳು ನೀರಿಗೂ ಪರದಾಡಿದರು, ಕೊಳಕಾದ ಹಾಸಿಗೆಯಲ್ಲೇ ಬಿದ್ದಿದ್ದರು. ಹೇಳಿದ ಸಿಬ್ಬಂದಿಯ ಮಾತು ಮೇಲಕ್ಕೆ ಹೋಗಲಿಲ್ಲ. ಕೊನೆಗೆ ಮನೆಯವರನ್ನು ಕಳೆದುಕೊಂಡವರು ಬೀದಿಗಿಳಿದ ಮೇಲೆ ವಿಚಾರಣೆ ನಡೆದು, 2013ರ ಫೆಬ್ರುವರಿಯಲ್ಲಿ ರಾಬರ್ಟ್ ಫ್ರಾನ್ಸಿಸ್ ಅವರ ವರದಿ 290 ಶಿಫಾರಸುಗಳೊಂದಿಗೆ ಬಂತು. ಮರುವರ್ಷ ಅಲ್ಲಿ, ಸರ್ಕಾರಿ ಆಸ್ಪತ್ರೆಗಳ ನಿರ್ದೇಶಕರಾಗುವವರು ಆ ಕೆಲಸಕ್ಕೆ ಅರ್ಹರೇ, ಯೋಗ್ಯರೇ ಅಂತ ಪರಿಶೀಲಿಸಲೇಬೇಕು ಅನ್ನುವ ನಿಯಮ ಬಂತು. ನಮ್ಮಲ್ಲಿ ನಡೆದದ್ದು ಅಷ್ಟು ದೊಡ್ಡದಲ್ಲ. ಆದರೆ ದಾರಿ ಅದೇ.

ಹತ್ತಿರದ್ದೇ ಬೇಕಾದರೆ, 2021ರ ಮೇ 2ರ ರಾತ್ರಿಯನ್ನು ಚಾಮರಾಜನಗರದವರು ಯಾರೂ ಮರೆತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯುತ್ತಾ ಬಂದು, ಮೈಸೂರಿನಿಂದ ಸಿಲಿಂಡರ್ ಬರಬೇಕಾಗಿದ್ದಾಗ, ಒಂದೇ ದಿನದಲ್ಲಿ 24 ಜನ ಸತ್ತರು ಅಂತ ಮರುದಿನ ಇಡೀ ದೇಶಕ್ಕೆ ಗೊತ್ತಾಯಿತು. ಯಾರ ತಪ್ಪು ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ, ಅದು ವಿಚಾರಣೆಗಳ ಕೆಲಸ. ಆದರೆ ಆಸ್ಪತ್ರೆಯ ಮುಖ್ಯಸ್ಥರಾಗಲು ಬಂದವರ ಮುಂದೆ ಅಂಥ ಒಂದು ರಾತ್ರಿಯನ್ನು ಇಟ್ಟು ಕೇಳಬೇಕು. ಟ್ಯಾಂಕಿನಲ್ಲಿ ಇನ್ನು ಮೂರು ಗಂಟೆಗೆ ಆಗುವಷ್ಟು ಆಕ್ಸಿಜನ್ ಇದೆ, ಪೂರೈಸುವವರು ಫೋನ್ ತೆಗೆಯುತ್ತಿಲ್ಲ, ಎಮರ್ಜೆನ್ಸಿಗೆ ಇನ್ನೊಂದು ಆಂಬ್ಯುಲೆನ್ಸ್ ಬಂದಿದೆ. ನೀವು ಮೊದಲು ಯಾರಿಗೆ ಫೋನ್ ಮಾಡುತ್ತೀರಿ? ಯಾರನ್ನು ಎಬ್ಬಿಸುತ್ತೀರಿ? ಯಾವ ನಿರ್ಧಾರವನ್ನು ನೀವೇ ತಗೊಳ್ಳುತ್ತೀರಿ, ಯಾವುದನ್ನು ಡಾಕ್ಟರಿಗೆ ಬಿಡುತ್ತೀರಿ? ಇದಕ್ಕೆ ಸ್ಲೈಡಿನಲ್ಲಿ ಉತ್ತರ ಸಿಗುವುದಿಲ್ಲ. ಆ ಮನುಷ್ಯ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಾನೋ, ಕೆಳಗಿನವರನ್ನು ಕೇಳುತ್ತಾನೋ, ಅಂಕಿ ಸರಿಯಿದೆಯಾ ಅಂತ ಹೋಗಿ ನೋಡುತ್ತಾನೋ, ಇಲ್ಲ ಯಾರ ಮೇಲಾದರೂ ಹಾಕುತ್ತಾನೋ ಅನ್ನುವುದು ಅಲ್ಲೇ ಕಾಣುತ್ತದೆ.

ಈಗ ನನ್ನ ಕೋರಿಕೆಗಳು.

ಜಾಹೀರಾತು ಕೊಡುವ ಮುಂಚೆ ಒಂದು ಸಂಜೆ ಕೂತು, ಮುಂದಿನ ಮೂರು ವರ್ಷ ನಮ್ಮ ಆಸ್ಪತ್ರೆಗೆ ಏನು ಬೇಕು ಅಂತ ಬರೆಯಿರಿ. ಎನ್‌ಎಬಿಎಚ್ ನವೀಕರಣ ಇದೆ, ಬಿಟ್ಟುಹೋದ ನರ್ಸುಗಳ ಜಾಗ ತುಂಬಬೇಕು, ಆಯುಷ್ಮಾನ್ ಕಾರ್ಡು, ಯಶಸ್ವಿನಿ ಕಾರ್ಡು ಹಿಡಿದು ಬರುವವರನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದಿದೆ, ಡಿಸ್ಚಾರ್ಜ್ ಅಂತ ಬೆಳಿಗ್ಗೆ ಹೇಳಿ ಸಂಜೆವರೆಗೂ ಬಿಲ್ಲಿಗೆ ಕಾಯಿಸುವ ಹಳೇ ರೋಗ ಇದೆ. ಈ ಕುರ್ಚಿಯಲ್ಲಿ ಕೂತವರು ಯಾವ ಯಾವ ನಿರ್ಧಾರ ತಗೊಳ್ಳಬೇಕಾಗುತ್ತದೆ ಅನ್ನುವುದು ಆಗ ನಿಮಗೇ ಸ್ಪಷ್ಟವಾಗುತ್ತದೆ. ಅದರಿಂದ ಐದೋ ಆರೋ ಗುಣ ಆರಿಸಿ, ಅದಕ್ಕೆ ತಕ್ಕ ಪ್ರಶ್ನೆ ಮಾಡಿಕೊಳ್ಳಿ. ಬಂದ ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ಊರು, ಮಾವನವರು, ಮಕ್ಕಳ ಶಾಲೆ ಇವೆಲ್ಲ ಬೇಡ.

ನಾನಾಗಿದ್ದರೆ ಹೀಗೆ ಕೇಳುತ್ತಿದ್ದೆ ಅಂತ ಒಂದು ಮಾತು. ನೀವು ತಗೊಂಡ ನಿರ್ಧಾರ ತಪ್ಪಾಗಿತ್ತು ಅಂತ ನಿಮಗೆ ಹೇಗೆ ಗೊತ್ತಾಯಿತು, ಯಾರು ಹೇಳಿದರು, ಹೇಳಿದವರಿಗೆ ಆಮೇಲೆ ಏನಾಯಿತು? ಈ ಕೊನೆಯ ತುಂಡು ಬಿಡಬೇಡಿ. ದೊಡ್ಡ ಹುದ್ದೆಯಲ್ಲಿದ್ದವರು ಯಾರೇ ಆಗಲಿ ತಪ್ಪು ಮಾಡಿರುತ್ತಾರೆ. ಅದನ್ನು ಹೇಳಿದ ನರ್ಸೋ, ಅಕೌಂಟೆಂಟೋ ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೋ ಇಲ್ಲವೋ ಅನ್ನುವುದರಿಂದ ಆ ಮುಖ್ಯಸ್ಥರು ಎಂಥವರು ಅಂತ ತಿಳಿಯುತ್ತದೆ.

ಕೊನೇ ಸುತ್ತಿಗೆ ಬಂದವರಿಗೆ ಒಂದು ಕೆಲಸ ಕೊಡಿ. ನಮ್ಮದೇ ಹಳೇ ಫೈಲು, ಹೆಸರು ತೆಗೆದು. ಖರ್ಚು ಹತ್ತು ಪರ್ಸೆಂಟ್ ಇಳಿಸಬೇಕು, ಏನು ಮಾಡುತ್ತೀರಿ ಅಂತ. ಮಾಹಿತಿ ಅರ್ಧ ಮಾತ್ರ ಇರಲಿ, ಉಳಿದದ್ದನ್ನು ಕೇಳುತ್ತಾರಾ ನೋಡಿ. ಅರ್ಧ ದಿನ ಆಸ್ಪತ್ರೆಯೊಳಗೆ ಬಿಡಿ, ಐಸಿಯು, ಲಾಂಡ್ರಿ, ಫಾರ್ಮಸಿ, ಬಿಲ್ಲಿಂಗ್ ಕೌಂಟರು ಎಲ್ಲ ಓಡಾಡಲಿ, ಯಾರನ್ನು ಏನು ಕೇಳಿದರು ಅಂತ ಅಲ್ಲಿಯವರಿಂದ ತಿಳಿದುಕೊಳ್ಳಿ. ಇಷ್ಟು ದೊಡ್ಡವರಿಗೆ ಪರೀಕ್ಷೆ ಇಡುವುದು ಅವಮಾನ ಅಂತ ಕೆಲವರು ಹೇಳಬಹುದು. ಒಂದು ಸ್ಟಾಫ್ ನರ್ಸ್ ಕೆಲಸಕ್ಕೆ ನಾವು ಬರವಣಿಗೆ ಪರೀಕ್ಷೆ, ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ ಎರಡೂ ಇಡುತ್ತೇವೆ. ಅವಳ ಕೈಯಲ್ಲಿ ನಾಲ್ಕಾರು ರೋಗಿಗಳ ಜೀವ ಇದೆ ಅಂತ. ಸಿಇಒ ಕೈಯಲ್ಲಿ ಅವರೆಲ್ಲರದೂ ಇರುತ್ತದೆ. ಆಡಳಿತಕ್ಕೆ ಬರುವವರನ್ನು ಪರೀಕ್ಷೆ ಮಾಡಿಯೇ ಆರಿಸಬೇಕು ಅಂತ 1891ರಲ್ಲೇ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ನಡೆಸಿದ ಸಂಸ್ಥಾನ ನಮ್ಮದು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಅದು ಆಗ ಯಾರಿಗೂ ಅವಮಾನ ಅನ್ನಿಸಿರಲಿಕ್ಕಿಲ್ಲ.

ಸಮಿತಿಯಲ್ಲಿ ನರ್ಸಿಂಗ್ ಮುಖ್ಯಸ್ಥೆ, ಐಸಿಯು ಅಥವಾ ಎಮರ್ಜೆನ್ಸಿ ಡಾಕ್ಟರೊಬ್ಬರು, ಇಲ್ಲಿ ಚಿಕಿತ್ಸೆ ಪಡೆದ ಕುಟುಂಬದವರೊಬ್ಬರು ಇರಲಿ. ವಿಶೇಷ ಆಹ್ವಾನಿತರು ಅಂತ ಗೋಡೆ ಪಕ್ಕ ಕೂರಿಸುವುದು ಬೇಡ, ಅಂಕ ಹಾಕುವ ಹಕ್ಕು ಕೊಡಿ. ಪ್ರತಿಯೊಬ್ಬರೂ ತಮ್ಮ ಅಂಕವನ್ನು ತಾವೇ ಬರೆದು ಮುಚ್ಚಿ ಕೊಡಬೇಕು, ಆಮೇಲೆ ಚರ್ಚೆ. ಅಧ್ಯಕ್ಷರೇ, ದಯವಿಟ್ಟು ನೀವು ಕೊನೆಯಲ್ಲಿ ಮಾತಾಡಿ. ನಿಮ್ಮ ಮೇಲಿನ ಗೌರವಕ್ಕೇ ಜನ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಅವತ್ತು ಕಾಫಿ ಹೊತ್ತಿನಲ್ಲಿ ಆದದ್ದು ಅದೇ. ಆಮೇಲೆ ಹೊರಗೆ ಕಾರಿಡಾರಿನಲ್ಲಿ ಟ್ರಸ್ಟಿಯೊಬ್ಬರು, ನನಗೆ ಆ ಡಾಕ್ಟರಮ್ಮ ಇಷ್ಟ ಆಗಿದ್ದರು ಸಿಸ್ಟರ್ ಅಂತ ನನ್ನ ಹತ್ತಿರ ಹೇಳಿದರು. ಒಳಗೆ ಹೇಳಲಿಲ್ಲ.

ವಿಚಾರಣೆ ಮಾಡಿ. ಮಗಳಿಗೆ ಗಂಡು ನೋಡುವಾಗ ಹುಡುಗನ ಕಡೆಯವರು ಹೇಳಿದ್ದನ್ನು ಮಾತ್ರ ಕೇಳಿ ಯಾರೂ ಒಪ್ಪುವುದಿಲ್ಲ, ಅಕ್ಕಪಕ್ಕದ ಮನೆಯಲ್ಲಿ, ಆಫೀಸಿನಲ್ಲಿ, ನಾಲ್ಕು ಕಡೆ ಕೇಳುತ್ತೇವೆ. ಇಲ್ಲಿ ಅಭ್ಯರ್ಥಿ ತಾವೇ ಬರೆದುಕೊಟ್ಟ ಎರಡು ಹೆಸರುಗಳಿಗೆ ಫೋನ್ ಮಾಡಿದಿರಿ, ಇಬ್ಬರೂ ಅವರ ಮೇಲಧಿಕಾರಿಗಳು. ಕೈಕೆಳಗೆ ಕೆಲಸ ಮಾಡಿದವರನ್ನು ಕೇಳಿ. ಅಲ್ಲಿಯ ಮೇಟ್ರನ್ನನ್ನು, ಸ್ಟೋರ್ ಕೀಪರನ್ನು, ಬಿಟ್ಟುಹೋದ ಡಾಕ್ಟರನ್ನು. ಒಂದೇ ಪ್ರಶ್ನೆ ಸಾಕು: ಕೆಟ್ಟ ಸುದ್ದಿಯನ್ನು ಇವರ ಹತ್ತಿರ ಧೈರ್ಯವಾಗಿ ಹೇಳಬಹುದಿತ್ತಾ?

ಏಜೆನ್ಸಿಯವರ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಸೇರಿದವರ ವರ್ಷದ ಸಂಬಳದಲ್ಲಿ ಇಷ್ಟು ಪರ್ಸೆಂಟ್ ಅಂತ ಅವರ ಫೀಸು ಇರುತ್ತದೆ. ಬೇಗ ಯಾರಾದರೂ ಸೇರಿದರೆ ಅವರ ಕೆಲಸ ಮುಗಿಯಿತು. ಹೆಸರು ತರಲಿ, ಆದರೆ ತೂಗಿ ನೋಡುವ ಕೆಲಸ ನಿಮ್ಮದು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಬೆಂಗಳೂರಿನಿಂದ ಬಂದವರು ಅಂದ ತಕ್ಷಣ ಒಂದು ಕೈ ಮೇಲೆ ಅನ್ನುವ ಭಾವನೆ ನಮ್ಮಲ್ಲಿದೆ. 2023ರಲ್ಲಿ ಎಕ್ಸ್‌ಪ್ರೆಸ್ ವೇ ಆದ ಮೇಲೆ ಸಂಸಾರ ಅಲ್ಲೇ ಇಟ್ಟು ಶುಕ್ರವಾರ ಮಧ್ಯಾಹ್ನ ಹೊರಡುವುದು ಇನ್ನೂ ಸುಲಭವಾಗಿದೆ. ಶನಿವಾರ, ಭಾನುವಾರ ಎಮರ್ಜೆನ್ಸಿ ತುಂಬಿರುತ್ತದೆ, ನಿರ್ಧಾರ ತಗೊಳ್ಳುವವರು ಊರಲ್ಲಿರುವುದಿಲ್ಲ. ಇಲ್ಲೇ ಇರಬೇಕು ಅನ್ನುವ ಷರತ್ತು ಹಾಕಿ. 1924ರಲ್ಲಿ ಶುರುವಾದ ಮೆಡಿಕಲ್ ಕಾಲೇಜು ಇರುವ ಊರಿದು. ಇಷ್ಟು ಆಸ್ಪತ್ರೆಗಳಿವೆ, ಇಲ್ಲೇ ಬೆಳೆದು ಆಡಳಿತ ಕಲಿತವರಿದ್ದಾರೆ, ನಮ್ಮ ಆಸ್ಪತ್ರೆಯೊಳಗೇ ಒಬ್ಬಿಬ್ಬರಿದ್ದಾರೆ. ಅವರಿಗೂ ಅರ್ಜಿ ಹಾಕಿ ಅಂತ ಹೇಳಿ. ಕಳೆದ ಸಲ ಒಳಗಿನವರಿಗೆ ಹುದ್ದೆ ಖಾಲಿ ಇರುವುದೇ ಪೇಪರು ನೋಡಿದ ಮೇಲೆ ಗೊತ್ತಾದದ್ದು.

ಆರಿಸಿದ ಮೇಲೆ, ಯಾಕೆ ಇವರನ್ನು ಆರಿಸಿದೆವು, ಇವರಿಂದ ಏನು ನಿರೀಕ್ಷೆ, ಎಲ್ಲಿ ಅನುಮಾನ ಇದೆ ಅಂತ ಒಂದು ಪುಟ ಬರೆದು ಎಲ್ಲರೂ ಸಹಿ ಹಾಕಿ ಇಡಿ. ವರ್ಷವಾದ ಮೇಲೆ ತೆಗೆದು ಓದಿ. ಆದಾಯದ ಅಂಕಿಯ ಜೊತೆಗೆ ಎಷ್ಟು ನರ್ಸುಗಳು ಬಿಟ್ಟರು, ಎಷ್ಟು ಘಟನಾ ವರದಿ ಬಂದವು, ಬಂದದ್ದರ ಮೇಲೆ ಏನು ಮಾಡಿದರು ಅಂತಲೂ ನೋಡಿ. ಸಿಇಒ ತೋರಿಸುವ ಸ್ಲೈಡಿನಲ್ಲಿ ಮಾತ್ರ ನೋಡಬೇಡಿ, ಯಾವುದಾದರೂ ಒಂದು ರಾತ್ರಿ ಪಾಳಿ ಹೊತ್ತಿಗೆ ಬಂದು ನೋಡಿ.

ಇದಕ್ಕೆಲ್ಲ ಎರಡು ತಿಂಗಳು ಜಾಸ್ತಿ ಹಿಡಿಯಬಹುದು. ಅಲ್ಲಿಯವರೆಗೆ ಮೆಡಿಕಲ್ ಸೂಪರಿಂಟೆಂಡೆಂಟ್ ಅವರು ನೋಡಿಕೊಳ್ಳುತ್ತಾರೆ, ಹಿಂದೆಯೂ ನೋಡಿಕೊಂಡಿದ್ದಾರೆ. ತರಾತುರಿಯಲ್ಲಿ ತಂದವರನ್ನು ಕಳಿಸಿ ಮತ್ತೆ ಹುಡುಕುವುದಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಹಿಡಿಯುತ್ತದೆ, ಈಗ ಹಿಡಿಯುತ್ತಿರುವ ಹಾಗೆ.

ಜಾಹೀರಾತು ಹೊರಡುವ ಮುಂಚೆ ಒಂದು ಸಭೆ ಕರೆದು, ಈ ಸಲ ಆಯ್ಕೆ ಹೇಗೆ ಮಾಡುತ್ತೀರಿ ಅಂತ ಸಿಬ್ಬಂದಿಗೆ ಹೇಳಿ ಅಂತ ಕೇಳಿಕೊಳ್ಳುತ್ತೇನೆ. ನನ್ನನ್ನು ಕರೆಯದಿದ್ದರೂ ಪರವಾಗಿಲ್ಲ. ಐಸಿಯು ಇನ್‌ಚಾರ್ಜ್ ಸಿಸ್ಟರನ್ನೂ ಬಯೋಮೆಡಿಕಲ್ ಎಂಜಿನಿಯರನ್ನೂ ತಪ್ಪದೆ ಕರೆಯಿರಿ, ಅವರಿಗೆ ಮಾತಾಡಲು ಬಿಡಿ.

ಇಂತಿ ತಮ್ಮ ವಿಶ್ವಾಸಿ,

ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್,
ಮೈಸೂರು